ಮಸಿ ಮುಟ್ಟದ್ದು

ಶಿವರಾಂಪೇಟೆಯ ನನ್ನ ಗೂಡಿಗೆ ಬೋರ್ಡಿಲ್ಲ.
ಮಾವ ಹೋದ ವರ್ಷ ಗಾಳಿಗೆ ಬಿತ್ತು,
ನಾನು ಎತ್ತಿ ನಿಲ್ಲಿಸಲಿಲ್ಲ.
ಪೆನ್ನಮ್ಮ ಎಲ್ಲಿ ಅಂತ ಕೇಳಿದರೆ
ಎದುರಿನ ಫ್ರೇಮಿನಂಗಡಿಯವರು ಕೈ ತೋರಿಸುತ್ತಾರೆ.
ಅಷ್ಟು ಸಾಕು.

ಮಂಗಳವಾರ ನೋಟರಿ ಪದ್ಮರಾಜಯ್ಯ ಬಂದರು,
ಎದೆಗೊತ್ತಿಕೊಂಡ ಮರದ ಪೆಟ್ಟಿಗೆ,
ಕೂಸಿನ ಕತ್ತಿಗೆ ಕೊಡುವ ಹಾಗೆ
ಒಂದು ಕೈ ಅದರ ತಳಕ್ಕೆ.
ಒಳಗೆ ಮಖಮಲ್ಲು, ಮಖಮಲ್ಲಿನ ಮೇಲೆ
ಜರ್ಮನಿಯ ಪೆನ್ನು,
ಲೋಕದಲ್ಲಿ ನೂರೈವತ್ತೇ ಇರುವುದು,
ಇದು ಮೂವತ್ತೇಳನೆಯದು,
ಉಂಗುರದ ಮೇಲೆ ಕೊರೆದಿದೆ.

"ಕಕ್ಷಿದಾರ ಕೊಟ್ಟದ್ದು. ಹನ್ನೊಂದು ವರ್ಷವಾಯ್ತು.
ಮಸಿ ಮುಟ್ಟಿಲ್ಲಮ್ಮ, ಪ್ರಮಾಣ ಮಾಡ್ತೀನಿ."
ಪ್ರಮಾಣ ಅವರ ಕಸುಬು.
ಕೋರ್ಟಿನ ಎದುರು ಮರದಡಿ ಮೂವತ್ತು ವರ್ಷ
ಮೇಲ್ಕಂಡದ್ದೆಲ್ಲ ನಿಜ ಎಂದವರಿಗೆಲ್ಲ
ಮುದ್ರೆ ಒತ್ತಿ ಕೊಟ್ಟವರು.

ಕೊಳ್ಳುವವರು ಕಲ್ಕತ್ತೆಯಲ್ಲಿದ್ದಾರೆ.
ಮಸಿ ಮುಟ್ಟದಿದ್ದರೆ ಒಂದು ಬೆಲೆ,
ಮುಟ್ಟಿದ್ದರೆ ಹದಿನೆಂಟು ಸಾವಿರ ಕಮ್ಮಿ.

ಬಳೆ ಬಿಚ್ಚಿಟ್ಟೆ. ಕೈ ತೊಳೆದೆ.
ಎಬೊನೈಟನ್ನು ಹೆಚ್ಚು ಉಜ್ಜಬಾರದು.
ಗಂಧಕದ ವಾಸನೆ ಎದ್ದಿತೋ, ನಿಲ್ಲಿಸು ಅನ್ನುತ್ತಿದ್ದರು ಮಾವ,
ಪೆನ್ನು ಬೈಯುತ್ತಿದೆ ಅಂತ ಅರ್ಥ.
ಬೆಳ್ಳಿ ಕ್ಲಿಪ್ಪಿನ ಕಪ್ಪನ್ನೂ ಪೂರ್ತಿ ತೆಗೆಯಬಾರದು.
ಇಂಥದ್ದನ್ನು ಕೂಡಿಡುವ ಜನಕ್ಕೆ
ಹೊಸತೂ ಬೇಕು, ಮೂಲೆಯಲ್ಲಿ ಚೂರು ವಯಸ್ಸೂ ಬೇಕು,
ನಮ್ಮ ಸಂಬಂಧ ನೋಡುವವರ ಹಾಗೆ.

ಆಮೇಲೆ ಕಣ್ಣಿಗೆ ಭೂತಗನ್ನಡಿ.
ನಿಬ್ಬಿನ ಎರಡು ತುಟಿ ಕೂಡುವಲ್ಲಿ
ಧೂಳಿನ ಒಂದು ಕಣ.
ಒದ್ದೆ ಬಟ್ಟೆಯ ತುದಿ ತಾಗಿಸಿದೆ, ಅಷ್ಟೇ.
ಬಟ್ಟೆ
ನೇರಳೆಯಾಯಿತು.

ಸ್ಟೀಲ್ ಲೋಟದಲ್ಲಿ ಉಗುರುಬೆಚ್ಚಗಿನ ನೀರು.
ಇಳಿಸಿದೆ. ಮೊದಲು ಸುಮ್ಮನಿತ್ತು,
ಅನಂತರ ಒಂದು ಎಳೆ, ಅದರ ಹಿಂದೆ ಇನ್ನೊಂದು,
ಲೋಟದ ತಳದವರೆಗೆ ಜಡೆ ಬಿಚ್ಚಿದ ಹಾಗೆ.
ನೀರು ಚೆಲ್ಲಿದೆ, ತುಂಬಿದೆ, ಚೆಲ್ಲಿದೆ.
ರಾತ್ರಿ ಮಗಳು ಇಣುಕಿ, "ನೇರಳೆಹಣ್ಣಿನ ಜೂಸಾ?" ಅಂದಳು.
ಮೂರನೆಯ ದಿನಕ್ಕೂ ಬಣ್ಣ ಬಿಡುತ್ತಲೇ ಇತ್ತು.
ಬರೆಯುವ ಮಸಿ ಇಷ್ಟು ಹಟ ಮಾಡುವುದಿಲ್ಲ.
ಬೆರಳಲ್ಲಿ ತಿಕ್ಕಿ ನೋಡಿದೆ, ಜಿಡ್ಡು.
ಮುದ್ರೆ ಒತ್ತುವ ಪ್ಯಾಡಿನ ಮಸಿ ಇದು.

ಶುಕ್ರವಾರ ಬಂದವರ ಮುಂದೆ
ಮಾತಾಡದೆ ಲೋಟ ಇಟ್ಟೆ.
ಕಾಫಿ ಅಂದುಕೊಂಡು ಕೈ ಚಾಚಿದವರು
ಕೈ ಹಾಗೇ ಬಿಟ್ಟರು.
ಆ ಬಣ್ಣ ಅವರಿಗೆ ಗೊತ್ತು.
ಮೂವತ್ತು ವರ್ಷ ಹೆಬ್ಬೆರಳಿಗಂಟಿದ್ದ ಬಣ್ಣ.

"ಮರಿಜೋಗಿ" ಅಂದರು, ನನಗಲ್ಲ.
ಗುಮಾಸ್ತ. ಮರದಡಿಯ ಟೈಪ್‌ರೈಟರ್ ಅವನದು,
ಬೀರುವಿನ ಬೀಗದ ಕೈಯೂ.
ಈಗ ನಂಜನಗೂಡಲ್ಲಿ ಜೆರಾಕ್ಸ್ ಅಂಗಡಿ.
ಅಲ್ಲೇ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ,
ಸಾಕ್ಷಿ ಇರಲಿ ಅನ್ನುವ ಹಳೇ ಚಾಳಿ.

"ಆ ಪೆನ್ನಲ್ಲಿ ಏನು ಬರೆದ್ಯೋ?"
ಆ ಕಡೆ ಯಂತ್ರ ತಿರುಗುವ ಸದ್ದು,
ಯಾರೋ ಎರಡು ಕಾಪಿ ಅಂದದ್ದು.
ಆಮೇಲೆ, ಬಹಳ ಮರ್ಯಾದೆಯಿಂದ:
"ನಿಮ್ಮ ಸೈನು ಸಾರ್.
ಚೆನ್ನಾಗಿ ಬಂದಿತ್ತು."

ಬೀದಿಯಲ್ಲಿ ಜಟಕಾ ಹೋಯಿತು.
ಎದುರಿನವರು ಯಾರ ಮದುವೆಯ ಫೋಟೋಗೋ
ಮೊಳೆ ಹೊಡೆಯುತ್ತಿದ್ದರು.
ಪದ್ಮರಾಜಯ್ಯ ನಗಲು ಹೋದರು,
ಅರ್ಧಕ್ಕೆ ಮರೆತರು.

ನಾನು ಬಿಳಿ ಪಂಚೆ ಹಾಸಿ
ಕಿಟಕಿಯ ಬೆಳಕಿಗೆ ಪೆನ್ನು ಮಲಗಿಸಿ
ಅಳತೆಗೆ ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೋ ತೆಗೆದೆ.
ಚೀಟಿ ಬರೆಯಬೇಕಿತ್ತು.
"ಏನು ಹಾಕಲಿ ಸಾರ್?"

ಜೇಬಿನಿಂದ ಐದು ರೂಪಾಯಿಯ ಬಾಲ್‌ಪೆನ್ನು ತೆಗೆದು
ಅವರೇ ಬರೆದರು: ಬಳಸಿದ್ದು.
ಕೆಳಗೆ ರೂಢಿಯಂತೆ ಸಹಿ ಮಾಡಹೊರಟು
ತಡೆದು,
ತಮ್ಮ ಕೈಯನ್ನೇ ನೋಡುತ್ತ ಕೇಳಿದರು:
"ಒಂದೇ ಸಲವಾ ಅವನು?
ನೀರು ನೋಡಿದರೆ ಗೊತ್ತಾಗುತ್ತಾ?"

ಲೋಟವನ್ನು ಮೋರಿಗೆ ಚೆಲ್ಲಿದೆ.
"ನೀರು ಎಣಿಸಲ್ಲ ಸಾರ್."